ಯೇಸುವನ್ನು ದೇವರೆಂದು ನಂಬುವುದೇಕೆ? – ಧಾರವಾಡ ಸೀಮೆಯ ಇತಿಹಾಸದಿಂದ ಒಂದು ಉತ್ತರ

ಜರ್ಮನಿಯ ದಕ್ಷಿಣ ಭಾಗದಲ್ಲಿ ಟ್ಯೂಬಿಂಗನ್ ಎಂಬ ಹಳೆಯ ವಿದ್ಯಾಪಟ್ಟಣವಿದೆ. 1835ರಲ್ಲಿ ಅಲ್ಲಿನ ತರುಣ ವಿದ್ವಾಂಸ ಡೇವಿಡ್ ಫ್ರೀಡ್ರಿಕ್ ಸ್ಟ್ರೌಸ್ ಯೇಸುವಿನ ಜೀವನವನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಸುವಾರ್ತೆಗಳಲ್ಲಿ ಬರುವ ಅದ್ಭುತಗಳು ನಡೆದ ಸಂಗತಿಗಳಲ್ಲ, ಭಕ್ತಸಮುದಾಯದ ಮನಸ್ಸಿನಲ್ಲಿ ತಾನಾಗಿ ಹುಟ್ಟಿ ಬೆಳೆದ ಪುರಾಣ ಎಂಬುದು ಅದರ ಸಾರ. ದೊಡ್ಡ ಕೋಲಾಹಲವೇ ಎದ್ದಿತು. ಸ್ಟ್ರೌಸನು ನೌಕರಿಯನ್ನೂ ಕಳೆದುಕೊಂಡನು. ಅದೇ ಟ್ಯೂಬಿಂಗನ್ನಿನಲ್ಲಿ ದೇವಶಾಸ್ತ್ರ ಓದಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ನಮ್ಮ ನಾಡಿಗೆ ಬಂದರು. 1837ರಲ್ಲಿ ಬಾಸೆಲ್ ಮಿಶನ್ ಧಾರವಾಡದಲ್ಲಿ ತನ್ನ ಕೇಂದ್ರವನ್ನು ತೆರೆದಾಗ ಆರಂಭದ ದಿನಗಳಲ್ಲಿ ಇಲ್ಲಿ ದುಡಿದವರಲ್ಲಿ ಅವರೂ ಒಬ್ಬರು. ಮಲಯಾಳ ಭಾಷೆಗೆ ನಿಘಂಟು ಬರೆದ ಹರ್ಮನ್ ಗುಂಡರ್ಟ್ ಕೂಡ ಟ್ಯೂಬಿಂಗನ್ನಿನ ವಿದ್ಯಾರ್ಥಿಯೇ. ಸ್ಟ್ರೌಸನ ವಿಚಾರಗಳ ಸೆಳೆತಕ್ಕೆ ಸಿಕ್ಕಿ, ಒದ್ದಾಡಿ, ಅದರಿಂದ ಹೊರಬಂದವರು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಮಿಶನರಿಗಳೆಂದರೆ ಪ್ರಶ್ನೆಯನ್ನೇ ಕೇಳಿಕೊಳ್ಳದ ಮುಗ್ಧ ಭಕ್ತರು ಎಂಬ ಕಲ್ಪನೆ ನಮ್ಮ ವಿದ್ಯಾವಂತರಲ್ಲಿಯೂ ಇದೆ. ವಾಸ್ತವವೇ ಬೇರೆ. ‘ಯೇಸು ನಿಜವಾಗಿಯೂ ದೇವರೇ?’ ಎಂಬ ಪ್ರಶ್ನೆ ಯುರೋಪಿನಲ್ಲಿ ಅತ್ಯಂತ ತೀಕ್ಷ್ಣವಾಗಿದ್ದ ಕಾಲದಲ್ಲಿಯೇ, ಆ ಪ್ರಶ್ನೆ ಎದ್ದ ಊರಿನಿಂದಲೇ ಬಂದವರು ಧಾರವಾಡದ ಜಾತ್ರೆ-ಸಂತೆಗಳಲ್ಲಿ ನಿಂತು ‘ಹೌದು’ ಎಂದು ಸಾರಿದರು. ಅವರಿಗೆ ಇಲ್ಲಿ ಎದುರಾದದ್ದು ಅವರು ಊಹಿಸಿರದ ಸಂಗತಿ. ಟ್ಯೂಬಿಂಗನ್ನಿನ ಪಂಡಿತರಿಗೆ ಅಸಾಧ್ಯವೆಂದು ತೋರಿದ ಮಾತು ಇಲ್ಲಿ ಯಾರಿಗೂ ಅಸಾಧ್ಯವೆಂದು ತೋರಲಿಲ್ಲ!

ಮನುಷ್ಯರೂಪದಲ್ಲಿ ದೇವರು ಬರುವುದು ನಮ್ಮ ಸೀಮೆಗೆ ಹೊಸದಲ್ಲ. ಬಸವಣ್ಣನವರು ನಂದಿಯ ಅವತಾರವೆಂದು ಪುರಾಣಗಳು ಹೇಳುತ್ತವೆ. ವಿಷ್ಣುವಿನ ದಶಾವತಾರಗಳ ಹೆಸರು ನಮ್ಮ ಹಳ್ಳಿಯ ಹುಡುಗರಿಗೂ ಬಾಯಿಪಾಠ. ಮುಂದೆ ಹುಬ್ಬಳ್ಳಿಯಲ್ಲಿಯೇ ನೆಲೆಸಿದ ಸಿದ್ಧಾರೂಢಸ್ವಾಮಿಗಳನ್ನು (1836–1929) ಅವರ ಭಕ್ತರು ಸಾಕ್ಷಾತ್ ಶಿವನೆಂದೇ ಪೂಜಿಸಿದರು, ಇಂದಿಗೂ ಪೂಜಿಸುತ್ತಾರೆ. ಇಂಥ ನೆಲದಲ್ಲಿ ಒಬ್ಬ ಪರದೇಶದ ಪಾದ್ರಿ ಬಂದು ‘ಯೇಸು ದೇವರು’ ಎಂದರೆ ಕೇಳಿದವರು ‘ಇರಬಹುದು’ ಎನ್ನುವುದೇ ಸಹಜ. ‘ಅವನೊಬ್ಬನೇ’ ಎಂದಾಗ ಹುಬ್ಬೇರುವುದು. ‘ಅವನನ್ನು ಕಳ್ಳರ ನಡುವೆ ಮರಕ್ಕೆ ಜಡಿದು ಕೊಂದರು’ ಎಂದಾಗ ಮಾತು ಇನ್ನೂ ಕಠಿಣವಾಗುವುದು. ಯೆಹೂದ್ಯರಿಗೂ ಯುರೋಪಿನ ವಿಚಾರವಾದಿಗಳಿಗೂ ಮೊದಲನೆಯ ಹೆಜ್ಜೆಯೇ ಕಷ್ಟ; ನಮ್ಮವರಿಗೆ ಎರಡನೆಯದೂ ಮೂರನೆಯದೂ ಕಷ್ಟ. ಕ್ರೈಸ್ತರು ತಮ್ಮ ರಕ್ಷಕನನ್ನು ದೇವರೆಂದು ನಂಬುವುದೇಕೆ ಎಂಬುದನ್ನು ವಿವರಿಸುವವರು ಈ ವ್ಯತ್ಯಾಸವನ್ನು ಗಮನಿಸದೆ ಹೋದರೆ ಯುರೋಪಿನ ಪ್ರಶ್ನೆಗೆ ಬರೆದ ಉತ್ತರವನ್ನು ಹುಬ್ಬಳ್ಳಿಯ ಪ್ರಶ್ನೆಗೆ ಅಂಟಿಸಿದಂತಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಕಾಲಜ್ಞಾನಿಗಳ ಪ್ರಸಂಗ. ಹುಬ್ಬಳ್ಳಿಯಲ್ಲಿ ಬಾಸೆಲ್ ಮಿಶನ್ ಕೇಂದ್ರ ಆರಂಭವಾದದ್ದು 1839ರಲ್ಲಿ. ಆ ಹೊತ್ತಿಗೆ ಹುಬ್ಬಳ್ಳಿ-ಗದಗ ಪ್ರದೇಶದಲ್ಲಿ ಕಾಲಜ್ಞಾನದ ಗ್ರಂಥಗಳನ್ನು ನಂಬಿಕೊಂಡ ಕೆಲವು ಗುಂಪುಗಳಿದ್ದವು. ಚನ್ನಬಸವಣ್ಣನವರ ಹೆಸರಿನಲ್ಲಿ ಪ್ರಚಲಿತವಿರುವ ಕಾಲಜ್ಞಾನದ ವಚನಗಳನ್ನು ಓದುಗರಲ್ಲಿ ಕೆಲವರಾದರೂ ಕೇಳಿರಬಹುದು: ಕಲಿಕಾಲದ ಕೊನೆಗೆ ವೀರವಸಂತರಾಯನೆಂಬವನು ಬರುವನು, ಹಾಳಾದ ಕಲ್ಯಾಣ ಮತ್ತೆ ಬೆಳಗುವುದು ಎಂಬ ನಿರೀಕ್ಷೆ ಅವುಗಳಲ್ಲಿದೆ. ಈ ಜನ ಮಿಶನರಿಗಳ ಬಳಿಗೆ ತಾವಾಗಿಯೇ ಬಂದರು. ತಮ್ಮ ಗ್ರಂಥಗಳು ಹೇಳಿದ ಕಾಲ ಕೂಡಿಬಂದಿದೆ, ನೀವು ಹೇಳುವ ಕ್ರಿಸ್ತನು ನಾವು ಕಾಯುತ್ತಿರುವವನೇ ಆಗಿರಬಹುದು ಎಂಬುದು ಅವರ ಭಾವನೆ. ಮಿಶನರಿಗಳಿಗೆ ಹೇಗಾಗಿರಬೇಡ! ದಿನವಿಡೀ ಬಿಸಿಲಲ್ಲಿ ಕೂಗಿದರೂ ಒಬ್ಬನೂ ಬಾರದ ಊರಿನಲ್ಲಿ ಒಂದು ಪಂಗಡಕ್ಕೆ ಪಂಗಡವೇ ಬಾಗಿಲಿಗೆ ಬಂದು ನಿಂತಿತ್ತು. ಅವರಿಗಾಗಿ 1841ರಲ್ಲಿ ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಒಂದು ಒಕ್ಕಲು ವಸಾಹತನ್ನೂ ಹೂಡಲಾಯಿತು.

ಆದರೆ ನಿರೀಕ್ಷಿಸಿದ ಸಾಮೂಹಿಕ ದೀಕ್ಷಾಸ್ನಾನ ನಡೆಯಲಿಲ್ಲ. ವಸಾಹತು ಏಳಿಗೆ ಕಾಣಲಿಲ್ಲ. ಬಂದವರು ಮೆಲ್ಲನೆ ಚದುರಿದರು. ಜಮೀನಿನ ಆಸೆ, ಜಾತಿಯ ಭಯ, ಎರಡೂ ಕಡೆಯ ತಪ್ಪು ತಿಳಿವಳಿಕೆ ಇತ್ಯಾದಿ ಕಾರಣಗಳನ್ನು ಹೇಳಬಹುದು. ಅವೆಲ್ಲ ಇದ್ದೇ ಇರುತ್ತವೆ. ನನಗೆ ತೋರುವ ಮುಖ್ಯ ಕಾರಣ ಇನ್ನೊಂದು. ಅವರು ಕಾಯುತ್ತಿದ್ದದ್ದು ಕುದುರೆಯೇರಿ ಬರುವ ರಾಯನಿಗಾಗಿ. ಪಾದ್ರಿಗಳು ತೋರಿಸಿದ್ದು ಶಿಲುಬೆಯ ಮೇಲೆ ಸತ್ತವನನ್ನು. ವಿಚಿತ್ರವೆಂದರೆ ಹದಿನೆಂಟು ಶತಮಾನಗಳ ಹಿಂದೆ ಯೆರೂಸಲೇಮಿನಲ್ಲಿಯೂ ಆದದ್ದು ಇದೇ. ಅಲ್ಲಿಯೂ ದಾವೀದನ ಸಿಂಹಾಸನವನ್ನು ಮರಳಿ ಕಟ್ಟುವ ಅರಸನೊಬ್ಬನಿಗಾಗಿ ಜನ ಕಾದಿದ್ದರು. ಕಲ್ಯಾಣದ ಕನಸು ಕಂಡವರನ್ನು ಮೂಢರೆಂದು ಜರೆದ ಮಿಶನರಿ ಬರಹಗಳನ್ನು ಕಂಡಾಗ ಆ ಲೇಖಕರಿಗೆ ತಮ್ಮದೇ ಬೈಬಲಿನ ಈ ಭಾಗ ಮರೆತುಹೋಯಿತೇ ಎನಿಸುತ್ತದೆ.

ಇನ್ನು ಪದಗಳ ತೊಡಕು. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದಿದ್ದರು. ಆಮೇಲೆ ಬಾಸೆಲ್ ಮಿಶನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದಲು ದುಡಿದರು. ಮಾತುಮಾತಿಗೂ ಎಡವುವ ಕೆಲಸವದು. ಯೇಸುವಿಗೆ ‘ದೇವಕುಮಾರ’ ಎಂದರು. ನಮ್ಮ ಜನಕ್ಕೆ ದೇವರ ಕುಮಾರನೆಂದರೆ ನವಿಲಿನ ಮೇಲೆ ಕುಳಿತ ಷಣ್ಮುಖನ ನೆನಪು ಬರದೆ ಇರುತ್ತದೆಯೇ? ದೇವರಿಗೆ ಹೆಂಡತಿ ಯಾರು ಎಂಬ ಪ್ರಶ್ನೆ ಕೂಡಲೇ ಹಿಂಬಾಲಿಸುತ್ತದೆ. ಯೋಹಾನನ ಸುವಾರ್ತೆಯ ಆರಂಭದಲ್ಲಿ ಯೇಸುವನ್ನು ಕುರಿತು ಬರುವ ‘ಲೋಗೋಸ್’ ಎಂಬ ಗ್ರೀಕ್ ಶಬ್ದಕ್ಕೆ ‘ವಾಕ್ಯ’ ಎಂದರು. ವರ್ಷಾನುಗಟ್ಟಲೆ ಮಕ್ಕಳಿಗೆ ಕರ್ತೃ, ಕರ್ಮ, ಕ್ರಿಯಾಪದ ಎಂದು ವಾಕ್ಯ ಬಿಡಿಸಿದ ನನ್ನಂಥ ಮಾಸ್ತರನಿಗೆ ಆ ಶಬ್ದ ಎಂದೂ ಪೂರ್ತಿ ಒಗ್ಗಲಿಲ್ಲ. ಆ ಗ್ರೀಕ್ ಶಬ್ದದಲ್ಲಿ ಮಾತು, ವಿವೇಕ, ಸೃಷ್ಟಿಯ ಹಿಂದಿನ ಕ್ರಮ ಎಲ್ಲವೂ ಅಡಗಿವೆ. ಅದೇ ‘ದೀಕ್ಷಾಸ್ನಾನ’ ಎಂಬ ಶಬ್ದವನ್ನು ನೋಡಿರಿ: ದೀಕ್ಷೆಯೆಂದರೆ ಏನೆಂದು ಬಲ್ಲ ಲಿಂಗಾಯತರ ನಾಡಿನಲ್ಲಿ ಅದು ಎಷ್ಟು ಸಲೀಸಾಗಿ ನಿಂತುಕೊಂಡಿತು!

‘ಅವತಾರ’ವೂ ಹೀಗೆಯೇ ಎಡವಿಸುವ ಶಬ್ದ. ನಮ್ಮ ಸಭೆಗಳ ಮಾತಿನಲ್ಲಿ ‘ನರಾವತಾರ’ ಎಂಬುದು ಬಳಕೆಯಲ್ಲಿದೆ; ಮದ್ರಾಸಿನ ವಿ. ಚಕ್ಕರೈ 1926ರಲ್ಲಿ ಯೇಸುವನ್ನು ಅವತಾರವೆಂದೇ ವಿವರಿಸುವ ಗ್ರಂಥ ಬರೆದರು. ಆದರೆ ನಮ್ಮ ಪುರಾಣಗಳ ಅವತಾರ ಕಾರ್ಯ ಮುಗಿದ ಮೇಲೆ ಪರಿಸಮಾಪ್ತವಾಗುತ್ತದೆ. ಧರ್ಮ ಮತ್ತೆ ಕುಂದಿದಾಗ ಮತ್ತೊಂದು ಬರುತ್ತದೆ. ಕ್ರೈಸ್ತರ ನಂಬಿಕೆಯಲ್ಲಿ ದೇವರು ಒಮ್ಮೆ ಮನುಷ್ಯನಾದವನು ಆ ಮನುಷ್ಯತ್ವವನ್ನು ಮತ್ತೆ ಕಳಚಿಡಲಿಲ್ಲ. ಸತ್ತು ಎದ್ದವನ ಕೈಗಳಲ್ಲಿ ಮೊಳೆಯ ಗಾಯಗಳು ಉಳಿದೇ ಇದ್ದವು. ಸಂದೇಹಪಟ್ಟ ತೋಮನು ಆ ಗಾಯಗಳನ್ನು ಕಂಡೇ ಅವನನ್ನು ಕರ್ತನೆಂದೂ ದೇವರೆಂದೂ ಕರೆದನು. ಗಾಯಗೊಂಡವನನ್ನು ಕಂಡು ದೇವರೆನ್ನುವುದು ಯಾವ ದೇಶದ ರೂಢಿಗೂ ಹೊಂದುವ ಮಾತಲ್ಲ.

ಇಲ್ಲಿಗೆ ಒಂದು ಆಕ್ಷೇಪವನ್ನು ಎದುರಿಸಬೇಕು. ಯೇಸುವಿನ ದೈವತ್ವವು ಮೂಲದಲ್ಲಿ ಇರಲೇ ಇಲ್ಲ, ನಾಲ್ಕನೆಯ ಶತಮಾನದಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು ಬಿಶಪ್ಪರನ್ನು ಕೂಡಿಸಿ ಮತಕ್ಕೆ ಹಾಕಿ ನಿರ್ಧರಿಸಿದನು ಎಂಬ ಮಾತು ‘ದ ಡಾ ವಿಂಚಿ ಕೋಡ್’ ಎಂಬ ಕಾದಂಬರಿ (2003) ಮತ್ತು ಅದರ ಸಿನೆಮಾದಿಂದ (2006) ನಮ್ಮಲ್ಲಿಯೂ ಹರಡಿತು. ನನ್ನ ವಿದ್ಯಾರ್ಥಿಗಳೇ ಬಂದು ಕೇಳಿದ್ದುಂಟು. ಹಾಗಾದರೆ 325ಕ್ಕೆ ಮುಂಚಿನ ಸಾಕ್ಷ್ಯಗಳನ್ನು ನೋಡೋಣ.

ಯೇಸುವಿಗೆ ಶಿಲುಬೆಯಾದದ್ದು ಪೊಂತ್ಯ ಪಿಲಾತನ ಆಡಳಿತದಲ್ಲಿ, ಕ್ರಿಸ್ತಶಕ 30ರ ಸುಮಾರಿಗೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರ 55ರ ಸುಮಾರಿನದು, ಅಂದರೆ ಘಟನೆಯಾಗಿ ಕಾಲು ಶತಮಾನದೊಳಗಿನದು. ಆ ಪತ್ರವಿರುವುದು ಗ್ರೀಕ್ ಭಾಷೆಯಲ್ಲಿ. ಕೊನೆಯಲ್ಲಿ ಮಾತ್ರ ‘ಮಾರನಾಥಾ’ ಎಂಬ ಅರಾಮಿಕ್ ಮಾತು ಅನುವಾದವಿಲ್ಲದೆ ನಿಂತಿದೆ. ಕರ್ತನನ್ನು ಬಾ ಎಂದು ಕರೆಯುವ ಪ್ರಾರ್ಥನೆಯದು. ಅರಾಮಿಕ್ ಯೇಸುವೂ ಅವನ ಶಿಷ್ಯರೂ ಮನೆಯಲ್ಲಿ ಆಡುತ್ತಿದ್ದ ಭಾಷೆ. ಗ್ರೀಕ್ ಸಭೆಗಳಿಗೂ ಅದು ಹಾಗೆಯೇ ದಾಟಿಬಂದಿದ್ದರೆ, ಯೇಸುವನ್ನು ಕರ್ತನೆಂದು ಕರೆದು ಪ್ರಾರ್ಥಿಸುವುದು ಯೆರೂಸಲೇಮಿನ ಸುತ್ತಿನ ಮೊದಲ ಶಿಷ್ಯರಿಂದಲೇ ಆರಂಭವಾಗಿತ್ತು ಎಂದಾಯಿತು. ಇತಿಹಾಸದ ವಿದ್ಯಾರ್ಥಿಗೆ ಇಂಥ ಒಂದು ಒಂಟಿ ಶಬ್ದ ಒಂದು ಶಾಸನದಷ್ಟು ಬೆಲೆಯುಳ್ಳದ್ದು.

ಹಾಗೆ ಕರೆದವರು ಯಾರು ಎಂಬುದನ್ನೂ ನೆನೆಯಬೇಕು. ಅವರು ಯೆಹೂದ್ಯರು, ದೇವರು ಒಬ್ಬನೇ ಎಂಬ ವಚನವನ್ನು ಬೆಳಿಗ್ಗೆ ಸಂಜೆ ಪಠಿಸುವವರು. ರೋಮಿನ ಚಕ್ರವರ್ತಿಯ ಪ್ರತಿಮೆಗೆ ತಲೆಬಾಗುವುದಕ್ಕಿಂತ ಸಾಯುವುದು ಮೇಲೆಂದುಕೊಂಡ ಜನ. ಅಂಥವರ ನಡುವಿನಿಂದ ಬಂದ ಪೌಲನು ಆ ಪತ್ರದಲ್ಲಿಯೇ ಆ ಏಕದೇವ ವಚನದ ಧಾಟಿಯನ್ನೇ ಹಿಡಿದು ಅದರೊಳಗೆ ತಂದೆಯ ಜೊತೆಗೆ ಯೇಸುವನ್ನೂ ಸೇರಿಸುತ್ತಾನೆ. ಎರಡನೆಯ ದೇವರನ್ನು ಕೂಡಿಸಿದೆನೆಂದು ಅವನಿಗೆ ಅನಿಸುವುದಿಲ್ಲ. ಒಬ್ಬನೇ ದೇವರ ಬಗ್ಗೆ ಹೇಳುತ್ತಿದ್ದೇನೆಂದೇ ಅವನ ಭಾವನೆ. ಯೇಸುವಿನ ಸಹೋದರ ಯಾಕೋಬನ ವಿಷಯವೂ ಕುತೂಹಲದ್ದು. ಯೇಸು ಬದುಕಿದ್ದಾಗ ಸಹೋದರರು ಅವನನ್ನು ನಂಬಿರಲಿಲ್ಲವೆಂದು ಸುವಾರ್ತೆಯೇ ಹೇಳುತ್ತದೆ. ಅದೇ ಯಾಕೋಬ ಮುಂದೆ ಯೆರೂಸಲೇಮಿನ ಸಭೆಯ ಮುಖಂಡನಾದನು, 62ರ ಸುಮಾರಿಗೆ ಅವನನ್ನು ಕಲ್ಲೆಸೆದು ಕೊಲ್ಲಿಸಿದರೆಂದು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಒಡಹುಟ್ಟಿದವನನ್ನು ಕರ್ತನೆಂದು ಒಪ್ಪುವುದು ಎಷ್ಟು ಕಷ್ಟವೆಂದು ಅಣ್ಣತಮ್ಮಂದಿರಿರುವ ಯಾರಿಗಾದರೂ ಗೊತ್ತು.

ಹೊರಗಿನವರ ಸಾಕ್ಷ್ಯ ಇನ್ನೂ ಸ್ವಾರಸ್ಯಕರ. 112ರ ಸುಮಾರಿಗೆ ಇಂದಿನ ತುರ್ಕಿಯ ಉತ್ತರ ಭಾಗದಲ್ಲಿ ರೋಮಿನ ಅಧಿಕಾರಿಯಾಗಿದ್ದ ಪ್ಲಿನಿ ಎಂಬವನು ಚಕ್ರವರ್ತಿ ಟ್ರೇಜನನಿಗೆ ಒಂದು ವರದಿ ಕಳಿಸಿದನು. ಈ ಕ್ರೈಸ್ತರು ಗೊತ್ತಾದ ದಿನ ನಸುಕಿನಲ್ಲಿ ಕೂಡಿ, ಕ್ರಿಸ್ತನನ್ನು ದೇವರೆಂಬಂತೆ ಸ್ತುತಿಸಿ ಹಾಡುತ್ತಾರೆ ಎಂದು ಅದರಲ್ಲಿದೆ. ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ 1857ರಲ್ಲಿ ಸಿಕ್ಕ ಒಂದು ಗೋಡೆಗೀಚು ಇನ್ನೂ ವಿಚಿತ್ರವಾದದ್ದು. 200ರ ಸುಮಾರಿನದೆಂದು ಎಣಿಸಲಾದ ಆ ಗೀಚಿನಲ್ಲಿ ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯನಿದ್ದಾನೆ, ಕೆಳಗೊಬ್ಬ ಕೈಯೆತ್ತಿ ನಿಂತಿದ್ದಾನೆ. ಅಲೆಕ್ಸಮೆನೋಸನು ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಎಂದು ಗ್ರೀಕಿನಲ್ಲಿ ಗೇಲಿಯ ಬರಹ. ನಮ್ಮ ಶಾಲೆಗಳ ಪಾಯಿಖಾನೆಯ ಗೋಡೆಗಳ ಮೇಲೆ ಹುಡುಗರು ಒಬ್ಬರನ್ನೊಬ್ಬರು ಹೀಯಾಳಿಸಿ ಬರೆಯುವುದಿಲ್ಲವೇ, ಅದೇ ಜಾತಿಯದು. ಆ ಪುಂಡನಿಗೆ ತಾನೊಂದು ಐತಿಹಾಸಿಕ ದಾಖಲೆಯನ್ನು ಬಿಟ್ಟುಹೋಗುತ್ತಿದ್ದೇನೆಂದು ಗೊತ್ತಿರಲಿಲ್ಲ. ಇನ್ನೊಂದು ಇತ್ತೀಚಿನದು: ಇಸ್ರೇಲಿನ ಮೆಗಿದ್ದೋದಲ್ಲಿ ಸೆರೆಮನೆಯೊಂದರ ಆವರಣವನ್ನು ಅಗೆಯುವಾಗ 2005ರಲ್ಲಿ ಪ್ರಾರ್ಥನಾಗೃಹದ ನೆಲಹಾಸು ಸಿಕ್ಕಿತು. 230ರ ಸುಮಾರಿನದೆಂದು ಹೇಳುವ ಅದರ ಮೇಲೆ, ಅಕೆಪ್ತೂಸ್ ಎಂಬ ಹೆಂಗಸು ದೇವರಾದ ಯೇಸು ಕ್ರಿಸ್ತನಿಗೆ ನೆನಪಾಗಿ ಮೇಜನ್ನು ಅರ್ಪಿಸಿದಳೆಂದು ಕೆತ್ತಿದೆ. ಕಾನ್‌ಸ್ಟಂಟೈನನು ಆಗ ಹುಟ್ಟಿಯೇ ಇರಲಿಲ್ಲ.

ಹೀಗಿರಲು 325ರ ನಿಕೇಯ ಸಮ್ಮೇಳನ ಮಾಡಿದ್ದೇನು? ಅಲೆಕ್ಸಾಂಡ್ರಿಯದ ಅರಿಯುಸ್ ಎಂಬ ಪಾದ್ರಿ, ದೇವಕುಮಾರನು ದೇವರು ಸೃಷ್ಟಿಸಿದವರಲ್ಲೆಲ್ಲ ಶ್ರೇಷ್ಠ, ಆದರೂ ಸೃಷ್ಟಿಯೇ ಎಂದು ಕಲಿಸಿದನು. ಅರಿಯುಸನೂ ಯೇಸುವನ್ನು ಬರಿಯ ಮನುಷ್ಯನೆನ್ನಲಿಲ್ಲ, ಪೂಜೆಯನ್ನೂ ನಿಲ್ಲಿಸಲಿಲ್ಲ. ಅವನ ವಿರೋಧಿಗಳು ಕೇಳಿದ್ದು ಸರಳ ಪ್ರಶ್ನೆ: ಸೃಷ್ಟಿಯಾದವನನ್ನು ಪೂಜಿಸುವುದಾದರೆ ಅದು ವಿಗ್ರಹಪೂಜೆಯಲ್ಲವೇ? ಆಗಲೇ ನಡೆಯುತ್ತಿದ್ದ ಪೂಜೆಗೆ ಅರ್ಥ ಕೊಡುವ ಮಾತನ್ನು ಸಮ್ಮೇಳನ ಹುಡುಕಿತು; ತಂದೆಯೂ ಮಗನೂ ಒಂದೇ ತತ್ತ್ವದವರು ಎಂಬರ್ಥದ ‘ಹೋಮೋಊಸಿಯೋಸ್’ ಎಂಬ ಗ್ರೀಕ್ ಶಬ್ದವನ್ನು ಆರಿಸಿತು. ಕಾದಂಬರಿಯಲ್ಲಿ ಹೇಳಿದಂತೆ ಕೂದಲೆಳೆಯ ಬಹುಮತವೇನೂ ಅಲ್ಲ. ಅರಿಯುಸನ ಪಕ್ಷ ಹಿಡಿದು ಕೊನೆಯವರೆಗೂ ಸಹಿ ಮಾಡದೆ ಉಳಿದ ಬಿಶಪ್ಪರು ಇಬ್ಬರೇ. ಚಕ್ರವರ್ತಿಯ ಕೈವಾಡ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಸಾಮ್ರಾಜ್ಯದಲ್ಲಿ ಜಗಳ ಬೇಡವೆಂಬ ಆಡಳಿತಗಾರನ ಆಸಕ್ತಿ ಅವನದು. ಅವನ ಮಗ ಕಾನ್‌ಸ್ಟಾಂಟಿಯಸ್ ಅರಿಯುಸನ ಕಡೆಗೇ ವಾಲಿದನು. ನಿಕೇಯದ ಪರವಾಗಿ ನಿಂತ ಅಥನೇಸಿಯಸ್ ಐದು ಸಲ ಗಡೀಪಾರಾದನು. ಅರಸರ ಇಚ್ಛೆಯಿಂದಲೇ ಸಿದ್ಧಾಂತ ಉಳಿಯುವಂತಿದ್ದರೆ ಈ ಸಿದ್ಧಾಂತ ಅಳಿದುಹೋಗಬೇಕಾಗಿತ್ತು.

ಅಥನೇಸಿಯಸನ ವಾದದಲ್ಲಿಯೇ ‘ಏಕೆ’ ಎಂಬುದಕ್ಕೆ ಉತ್ತರವಿದೆ. ಅವನ ಮಾತಿನ ತಾತ್ಪರ್ಯ ಇಷ್ಟು: ನೀರಿನಲ್ಲಿ ಮುಳುಗುತ್ತಿರುವವನನ್ನು ಮುಳುಗುತ್ತಿರುವ ಇನ್ನೊಬ್ಬ ಎತ್ತಲಾರ. (ಹೋಲಿಕೆ ನನ್ನದು, ಅವನದಲ್ಲ.) ರಕ್ಷಕನು ಸೃಷ್ಟಿಯಾದವನಾದರೆ ಅವನೂ ನಮ್ಮ ಹಾಗೆ ಈಚೆ ದಡದವನೇ, ನಮ್ಮನ್ನು ದೇವರೊಂದಿಗೆ ಕೂಡಿಸಲಾರ. ಅದೇ ಅವನು ಪೂರ್ಣವಾಗಿ ಮನುಷ್ಯನಾಗದೆ ತೋರಿಕೆಗೆ ಮಾತ್ರ ಮನುಷ್ಯನಾಗಿದ್ದರೆ ಅವನ ಕೈ ನಮ್ಮನ್ನು ಮುಟ್ಟಿಯೇ ಇಲ್ಲ. ಆದ್ದರಿಂದ ಎರಡೂ ಆಗಿರಬೇಕು. 451ರಲ್ಲಿ ಕಾಲ್ಸೆಡಾನ್ ಸಮ್ಮೇಳನ ಹೇಳಿದ್ದು ಇದನ್ನೇ, ಹೆಚ್ಚು ಕಠಿಣವಾದ ಭಾಷೆಯಲ್ಲಿ. ಕ್ರೈಸ್ತನಿಗೆ ಯೇಸುವಿನ ದೈವತ್ವವು ಬಿರುದಾವಳಿಯಲ್ಲ. ತಾನು ನಿಜವಾಗಿ ಕ್ಷಮೆ ಪಡೆದಿದ್ದೇನೆಯೇ ಇಲ್ಲವೇ ಎಂಬುದು ಅದರ ಮೇಲೆ ನಿಂತಿದೆ. ಕ್ಷಮಿಸಿದವನು ದೇವರಲ್ಲವಾದರೆ ಆ ಕ್ಷಮೆಗೆ ಸಹಿಯೇ ಇಲ್ಲದಂತೆ.

ಇದಕ್ಕೆಲ್ಲ ಆಧಾರ ಪುನರುತ್ಥಾನ. ಶಿಲುಬೆಗೇರಿದವನೊಂದಿಗೆ ಎಲ್ಲ ಮುಗಿದಿದ್ದರೆ ಯಾವ ಯೆಹೂದ್ಯನೂ ಅವನನ್ನು ಕರ್ತನೆನ್ನುತ್ತಿರಲಿಲ್ಲ. ಮರಕ್ಕೆ ತೂಗುಹಾಕಲ್ಪಟ್ಟವನು ಅವರ ಧರ್ಮಶಾಸ್ತ್ರದಲ್ಲಿ ಶಾಪಗ್ರಸ್ತ. ಎದ್ದವನನ್ನು ಕಂಡವರ ಪಟ್ಟಿಯನ್ನು ಪೌಲನು ಕೊರಿಂಥದ ಪತ್ರದಲ್ಲಿ ಕೊಡುತ್ತಾನೆ. ಅವರಲ್ಲಿ ಹಲವರು ಇನ್ನೂ ಬದುಕಿದ್ದಾರೆಂದೂ ಹೇಳುತ್ತಾನೆ. ಇತಿಹಾಸವು ನಮ್ಮ ಕೈಹಿಡಿದು ಇಲ್ಲಿಯವರೆಗೆ ಬರುತ್ತದೆ: ಅವರು ಕಂಡೆವೆಂದು ನಂಬಿದರು, ಆ ನಂಬಿಕೆಯಿಂದ ಬದುಕು ಬದಲಿಸಿದರು, ಕೆಲವರು ಸತ್ತರು. ಅವರು ಕಂಡದ್ದು ನಿಜವೇ ಎಂಬ ಹೊಸ್ತಿಲ ಬಳಿ ಇತಿಹಾಸ ನಿಂತುಬಿಡುತ್ತದೆ. ನಂಬಿಕೆಗಾಗಿ ಸತ್ತವರು ಎಲ್ಲ ಧರ್ಮಗಳಲ್ಲಿಯೂ ಇದ್ದಾರೆ. ಸಾವು ಪ್ರಾಮಾಣಿಕತೆಯನ್ನು ತೋರಿಸುತ್ತದೆಯೇ ಹೊರತು ಸತ್ಯವನ್ನಲ್ಲ. ಸ್ಟ್ರೌಸನಿಗೂ ಮೋಗ್ಲಿಂಗರಿಗೂ ಇದ್ದ ಪುಸ್ತಕಗಳು ಒಂದೇ. ಹೊಸ್ತಿಲಲ್ಲಿ ಒಬ್ಬನು ಹಿಂದಿರುಗಿದನು, ಇನ್ನೊಬ್ಬರು ದಾಟಿದರು.

ದಾಟುವುದಕ್ಕೆ ನಮ್ಮ ಸೀಮೆಯಲ್ಲಿ ತೆರಬೇಕಾದ ಬೆಲೆ ಏನಿತ್ತು ಎಂಬುದನ್ನು ಹೇಳದಿದ್ದರೆ ಈ ಲೇಖನ ಪುಸ್ತಕದ ಮಾತಾಗಿ ಉಳಿದೀತು. ನನ್ನ ಮುತ್ತಜ್ಜ ಹುಬ್ಬಳ್ಳಿಯ ಹತ್ತಿರದ ಹಳ್ಳಿಯೊಂದರ ನೇಕಾರ, ಲಿಂಗಾಯತ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೀಕ್ಷಾಸ್ನಾನ ಪಡೆದನು. ಲಿಂಗಾಯತನಿಗೆ ಕೊರಳಿನ ಇಷ್ಟಲಿಂಗ ದೇವರ ಗುರುತು ಮಾತ್ರವಲ್ಲ, ದೇವರೇ. ಹುಟ್ಟಿದಾಗ ಕಟ್ಟಿದ್ದು, ಸತ್ತಾಗ ಜೊತೆಗೆ ಹೋಗುವಂಥದ್ದು. ಅದನ್ನು ತೆಗೆದವನು ಮನೆಗೆ ಸತ್ತಂತೆ. ಮುತ್ತಜ್ಜ ತೆಗೆದಿಟ್ಟ ಲಿಂಗವನ್ನು ಕರಡಿಗೆ ಮತ್ತು ಶಿವದಾರದೊಂದಿಗೆ ಅವನ ತಾಯಿ ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಳು. ಮಗನ ಮನೆಯಲ್ಲಿ ಮತ್ತೆ ಅವಳು ನೀರು ಕುಡಿಯಲಿಲ್ಲ. ಅವಳು ತೀರಿಕೊಂಡಾಗ ಆ ಎರಡನೆಯ ಲಿಂಗವನ್ನೂ ಅವಳೊಂದಿಗೇ ಸಮಾಧಿಗೆ ಇಟ್ಟರಂತೆ. ಮುತ್ತಜ್ಜ ದೂರದಲ್ಲಿ ನಿಂತು ನೋಡಿದನಂತೆ. ನನ್ನ ಅಜ್ಜಿ ಇದನ್ನು ಹೇಳುವಾಗ ಯಾರ ಪಕ್ಷವನ್ನೂ ವಹಿಸುತ್ತಿರಲಿಲ್ಲ.

ನಾನು ಈ ಸಂಗತಿಯನ್ನು ಇತಿಹಾಸದ ಮಾಸ್ತರನಾಗಿಯೂ ಯೋಚಿಸಿದ್ದೇನೆ. ಯೇಸುವನ್ನು ಒಳ್ಳೆಯ ಗುರುವೆಂದು ಒಪ್ಪಲು ಯಾರೂ ಕೊರಳಿನ ಲಿಂಗ ತೆಗೆಯಬೇಕಾಗಿರಲಿಲ್ಲ. ಅವತಾರಗಳಲ್ಲಿ ಒಬ್ಬನೆಂದು ಒಪ್ಪಲೂ ತೆಗೆಯಬೇಕಾಗಿರಲಿಲ್ಲ. ಬಂಗಾಳದ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ಬೋಧನೆಗಳನ್ನು ಮಾತ್ರ ಆಯ್ದು, ಅದ್ಭುತಗಳನ್ನೂ ದೈವತ್ವವನ್ನೂ ಬದಿಗಿಟ್ಟು ಪುಸ್ತಕ ಮಾಡಿದರು. ಸಿರಾಂಪುರದ ಮಿಶನರಿಗಳು ಅವರೊಂದಿಗೆ ವರ್ಷಗಟ್ಟಲೆ ವಾದಕ್ಕಿಳಿದರು. ರಾಯರದು ಗೌರವದ ಮಾರ್ಗ. ನಮ್ಮ ದೇಶದ ಬಹುಪಾಲು ವಿದ್ಯಾವಂತರು ಇಂದಿಗೂ ಆ ಮಾರ್ಗದಲ್ಲಿಯೇ ಇದ್ದಾರೆ. ಆದರೆ ಮುತ್ತಜ್ಜನಂಥವರು, ಅಕ್ಷರ ಬಾರದವರು, ಬೋಧನೆಗಾಗಿ ತಾಯಿಯನ್ನು ಬಿಡಲಿಲ್ಲ. ಕೈಯಲ್ಲಿದ್ದ ದೇವರನ್ನು ಇಳಿಸಿಡುವವನಿಗೆ ಎದುರಿಗಿರುವವನೂ ದೇವರೇ ಆಗಿರಬೇಕು, ಅದಕ್ಕಿಂತ ಕಡಿಮೆಯಾದರೆ ಆಗದು. ನಿಕೇಯದ ಗ್ರೀಕ್ ಶಬ್ದ ಅವನಿಗೆ ಗೊತ್ತಿರಲಿಲ್ಲ. ಅದರ ಅರ್ಥ ಗೊತ್ತಿತ್ತು. ಅದರ ಬೆಲೆಯನ್ನು ಅವನೊಬ್ಬನೇ ಕೊಟ್ಟನೇ, ಅವನ ತಾಯಿಯೂ ಕೊಟ್ಟಳೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ನನ್ನ ಜೊತೆ ಬಹುಕಾಲ ಕೆಲಸ ಮಾಡಿದ ಸಹೋದ್ಯೋಗಿಯೊಬ್ಬರ ಮನೆಯ ಜಗಲಿಯ ಮೇಲೆ ಬಸವಣ್ಣ, ಸಿದ್ಧಾರೂಢರು, ಎಲ್ಲಮ್ಮ, ಇವರ ಸಾಲಿನಲ್ಲಿಯೇ ಯೇಸುವಿನ ಪಟವೂ ಇದೆ. ಒಮ್ಮೆ ಅವರು ಚಹಾ ಕೊಡುತ್ತ ನಗುತ್ತಲೇ ಕೇಳಿದರು: “ಮಾಸ್ತರ, ನಿಮ್ಮ ದೇವರ್ನ ನಾವು ಜಗಲಿ ಮ್ಯಾಲ ಇಟ್ಟೇವಿ. ನಮ್ಮ ದೇವರಿಗೆ ನಿಮ್ಮ ಮನ್ಯಾಗ ಜಾಗಾ ಯಾಕಿಲ್ರಿ?” ನಾನು ಹೇಳಿದೆ: “ಸರ, ನಿಮ್ಮ ಜಗಲಿ ದೊಡ್ಡದೈತಿ, ಅದಕ್ಕ ನಾ ಕೈ ಮುಗೀತೀನಿ. ಆದರ ನಮ್ಮಜ್ಜ ಒಂದ ಇಳಿಸಿ ಒಂದ ಏರಿಸಿದಾಂವ. ಈಗ ನಾ ಎರಡೂ ಇಟ್ಟರ ಅಂವ ಬಿಟ್ಟದ್ದಕ್ಕ ಏನೂ ಅರ್ಥ ಉಳಿಯೂದಿಲ್ಲ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು “ಖರೆ ಐತಿ ಬಿಡ್ರಿ” ಎಂದರು. ಒಪ್ಪಿದರೆಂದು ನಾನು ತಿಳಿಯುವುದಿಲ್ಲ. ಕ್ರಿಸ್‌ಮಸ್ ದಿನ ಅವರ ಮನೆಯವರು ನಮ್ಮಲ್ಲಿಗೆ ಬರುತ್ತಾರೆ, ಬಸವ ಜಯಂತಿಗೆ ನಾವು ಅಲ್ಲಿಗೆ ಹೋಗುತ್ತೇವೆ.

ಒಬ್ಬನನ್ನೇ ದೇವರೆಂದು ನಂಬಿದವರು ಉಳಿದವರ ದೇವರನ್ನು ಹೀಯಾಳಿಸಬೇಕಾಗುತ್ತದೆಯೇ? ಹಳೆಯ ಕೆಲವು ಮಿಶನ್ ಕಿರುಹೊತ್ತಿಗೆಗಳು ಹಾಗೆ ಮಾಡಿವೆ. ಅವನ್ನು ನಾನು ಸಮರ್ಥಿಸಲಾರೆ. ಆದರೆ ಅದೇ ಮಿಶನ್ನಿನ ಮೋಗ್ಲಿಂಗರು ತಮ್ಮ ಬಿಬ್ಲಿಯೋಥೆಕಾ ಕರ್ನಾಟಿಕಾ ಮಾಲೆಯಲ್ಲಿ (1848–53) ಬಸವಪುರಾಣವನ್ನೂ ಚನ್ನಬಸವಪುರಾಣವನ್ನೂ ಅಚ್ಚು ಹ���ಕಿಸಿದರು. 1853ರಲ್ಲಿ ಬಂದ ಕಿಟೆಲ್ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು, 1894ರಲ್ಲಿ ನಿಘಂಟನ್ನು ಕೊಟ್ಟರು, ಧಾರವಾಡದ ಕಿಟೆಲ್ ಕಾಲೇಜು ಅವರ ಹೆಸರನ್ನು ಹೊತ್ತಿದೆ.

ನನಗೆ ಎಲ್ಲರಿಗಿಂತ ಹತ್ತಿರದವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ ಶಾಲೆಯಲ್ಲಿ ಕಲಿತು, ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ ಪಾದ್ರಿಯಾದವರು. ಊರೂರು ಸುತ್ತಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಅನುಭವ ಮಂಟಪ ಇತ್ತೇ ಇಲ್ಲವೇ ಎಂದು ಪಂಡಿತರು ಜಗಳಾಡುತ್ತಿದ್ದಾಗ ಅದರ ಐತಿಹಾಸಿಕತೆಯ ಪರವಾಗಿ ಪುಸ್ತಕ ಬರೆದವರು ಈ ಕ್ರೈಸ್ತ ಪಾದ್ರಿ. ಅವರ ಇನ್ನೊಂದು ಪುಸ್ತಕದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಹೆಸರನ್ನು ಗಮನಿಸಿರಿ. ಬೆತ್ಲೆಹೇಮಿನವನು ಬನಾರಸಕ್ಕೆ ಆಜ್ಞೆ ಮಾಡುವುದಿಲ್ಲ, ಸವಾಲು ಹಾಕುವುದಿಲ್ಲ, ಕೈಮುಗಿದು ವಿನಂತಿಸುತ್ತಾನೆ. ದೇವರಾಗಿದ್ದವನು ತನ್ನ ಮೇಲ್ಮೆಯನ್ನು ಹಿಡಿದುಕೊಳ್ಳದೆ ದಾಸನಂತೆ ಬಾಗಿದನು ಎಂದು ಪೌಲನು ಫಿಲಿಪ್ಪಿಯವರಿಗೆ ಬರೆದದ್ದನ್ನು ಓದಿದವರಿಗೆ ಆ ಹೆಸರು ಎಲ್ಲಿಂದ ಬಂದಿರಬಹುದೆಂದು ಹೊಳೆಯುತ್ತದೆ.

1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರೇ ಅಧ್ಯಕ್ಷರು. 1962ರಲ್ಲಿ ಅವರು ತೀರಿಕೊಂಡರು. ಅವರ ಸರ್ವಜ್ಞನ ಸಂಗ್ರಹದ ಕಥೆ ಪ್ರತ್ಯೇಕವಾಗಿಯೇ ಬರೆಯಬೇಕಾದಷ್ಟು ದೊಡ್ಡದು. ಅದನ್ನು ಮುಂದಿನ ಲೇಖನಕ್ಕೆ ಇಟ್ಟುಕೊಂಡಿದ್ದೇನೆ.